ಹೊಸ ಓಲೆಡ್ ಮಾನಿಟರ್: ಕತ್ತಲಲ್ಲಿ ಪಟ್ಟೆ, 60 ಎಫ್‌ಪಿಎಸ್‌ನಲ್ಲಿ ಜರ್ಕ್. ಪೀಸೇ ಕೆಟ್ಟದ್ದಾ, ನಾನೇ ಏನಾದರೂ ತಪ್ಪು ಮಾಡಿದ್ದೀನಾ?

ಸಾಗರದ_ಗೇಮರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡಲ್ಲಿ ಮೂರು ವಾರದ ಹಿಂದೆ ಓಲೆಡ್ ಗೇಮಿಂಗ್ ಮಾನಿಟರ್ ತಗೊಂಡೆ. 27 ಇಂಚು, 1440ಪಿ (2560x1440 ಪಿಕ್ಸೆಲ್), 240 ಹರ್ಟ್ಸ್ (ಸೆಕೆಂಡಿಗೆ 240 ಸಲ ಚಿತ್ರ ತೋರಿಸುತ್ತದೆ), ಡಬ್ಲ್ಯೂ-ಓಲೆಡ್ ಪ್ಯಾನಲ್ (ಪಿಕ್ಸೆಲ್‌ಗಳೇ ಬೆಳಗುವ ಓಲೆಡ್‌ನ ಒಂದು ಬಗೆ). ಕಂಪನಿ ಹೆಸರು ಬೇಡ, ಸುಮ್ನೆ ಜಗಳ ಶುರುವಾಗುತ್ತದೆ. ಮುಂಚೆ ಇದ್ದದ್ದು ಆರು ವರ್ಷದ ಹಳೇ ಐಪಿಎಸ್ (ಹಿಂದೆ ಲೈಟ್ ಇರುವ ಎಲ್‌ಸಿಡಿ), 144 ಹರ್ಟ್ಸ್. ಪಿಸಿಯಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ರೈಜನ್ 5 5600 ಪ್ರೊಸೆಸರ್ ಇದೆ.

ಮೊದಲ ದಿನ ರೂಮಿನ ಲೈಟ್ ಆರಿಸಿ ನೋಡಿದೆ. ಕಪ್ಪು ಅಂದರೆ ಕಪ್ಪೇ, ಮಾನಿಟರ್ ಆನ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಖುಷಿಯಲ್ಲಿ ತಮ್ಮನನ್ನು ಕರೆದು ತೋರಿಸಿದೆ. ಅವನೇ ಮೊದಲು ಕೇಳಿದ್ದು, "ಅಣ್ಣಾ, ಆಕಾಶದಲ್ಲಿ ಬಳೆ ಬಳೆ ಥರ ಕಾಣುತ್ತಲ್ಲ, ಏನದು?" ಅಂತ. ಅಲ್ಲಿಂದ ನನ್ನ ನಿದ್ದೆ ಹೋಯಿತು.

ಗೇಮಲ್ಲಿ ಸಂಜೆ ಆಕಾಶ, ಮಂಜು, ಚಂದ್ರನ ಸುತ್ತಲಿನ ಬೆಳಕು, ಇಂಥ ಕಡೆ ಬಣ್ಣ ನಯವಾಗಿ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆನ್‌ಲೈನಲ್ಲಿ ಸಿನಿಮಾ ಹಾಕಿದರೂ ಕತ್ತಲ ದೃಶ್ಯದಲ್ಲಿ ಅದೇ ಕಥೆ, ಮೇಲೆ ಚೌಕ ಚೌಕ ಬೇರೆ. ಇಷ್ಟು ಸಾಲದು ಅಂತ ಯಾವುದೋ ವಿಡಿಯೋ ನೋಡಿ 5 ಪರ್ಸೆಂಟ್ ಬೂದು ಬಣ್ಣವನ್ನು ಫುಲ್ ಸ್ಕ್ರೀನ್ ಹಾಕಿ ನೋಡಿದೆ. ನೋಡಬಾರದಿತ್ತು. ಮೇಲಿಂದ ಕೆಳಗೆ ಉದ್ದುದ್ದ ಪಟ್ಟೆ, ಪಟ್ಟಾಪಟ್ಟಿ ಚಡ್ಡಿ ಬಟ್ಟೆ ಎಳೆದು ಕಟ್ಟಿದ ಹಾಗೆ. ಫೋನಲ್ಲಿ ಫೋಟೋ ತೆಗೆದರೆ ಇನ್ನೂ ಭೀಕರ.

ಜಾಸ್ತಿ ತಲೆ ತಿನ್ನುತ್ತಿರುವುದು ಮಾತ್ರ ಬೇರೆ. ಎಲ್ಡನ್ ರಿಂಗ್ ಆಡುವಾಗ ಕ್ಯಾಮೆರಾ ತಿರುಗಿಸಿದರೆ ಜರ್ಕ್ ಹೊಡೆಯುತ್ತದೆ. ಎಫ್‌ಪಿಎಸ್ (ಗೇಮ್ ಸೆಕೆಂಡಿಗೆ ಕೊಡುವ ಚಿತ್ರಗಳ ಲೆಕ್ಕ) ಮೀಟರ್ 60ರಲ್ಲಿ ಕದಲದೆ ನಿಂತಿದೆ. ಅದೇ ಗೇಮ್, ಅದೇ ಪಿಸಿ, ಹಳೇ ಮಾನಿಟರಲ್ಲಿ ಒಂದು ದಿನವೂ ಹೀಗೆ ಅನಿಸಿರಲಿಲ್ಲ. ಇಷ್ಟು ದುಡ್ಡು ಕೊಟ್ಟು ಮುಂಚೆಗಿಂತ ಕೆಟ್ಟದಾಗಿ ಕಾಣುವುದು ಅಂದರೆ ಏನರ್ಥ?

ಕಸ್ಟಮರ್ ಕೇರ್‌ನವರು "ಇದು ನಾರ್ಮಲ್ ಸರ್" ಅಂತ ಫೋನ್ ಇಟ್ಟರು. ಬದಲಿಸಿಕೊಳ್ಳಲು ಅಂಗಡಿಯವರು ಈ ತಿಂಗಳ ಕೊನೆವರೆಗೆ ಟೈಮ್ ಕೊಟ್ಟಿದ್ದಾರೆ. ಬದಲಿಸಲೋ, ಇಟ್ಟುಕೊಳ್ಳಲೋ?

ಹುಬ್ಬಳ್ಳಿ_240

ಬೇರೆ ಎಲ್ಲ ಆಮೇಲೆ. ಮೊದಲು ಯಾವ ಕೇಬಲ್ ಹಾಕಿದ್ದೀರಿ ಹೇಳಿ. ವಿಂಡೋಸ್ ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಅಲ್ಲಿ ಎಷ್ಟು ಹರ್ಟ್ಸ್, ಎಷ್ಟು ಬಿಟ್ ಅಂತ ಇದೆಯೋ ಅದನ್ನೇ ಇಲ್ಲಿ ಹಾಕಿ. ಡಬ್ಬಿ ಮೇಲೆ ಬರೆದಿರುವುದು ಬೇಡ.

ಕಪ್ಪುಬಿಳುಪು

ವಾಪಸ್ ಕೊಟ್ಟುಬಿಡಿ ಸರ್. ಅಷ್ಟು ದುಡ್ಡಿಗೆ ಪಟ್ಟೆ ಇರುವ ಪೀಸ್ ಯಾಕೆ ಇಟ್ಟುಕೊಳ್ಳಬೇಕು? ನಾನು ಎರಡು ಸಲ ಬದಲಿಸಿಕೊಂಡೆ, ಮೂರನೆಯದು ಪರವಾಗಿಲ್ಲ ಅನಿಸಿತು.

ಬಿಟ್_ಮಾಮ

ಆತುರ ಬೇಡ. ನಾನು ಬೆಂಗಳೂರಲ್ಲಿ ಕಲರ್ ಗ್ರೇಡಿಂಗ್ ಕೆಲಸ ಮಾಡುತ್ತೇನೆ, ದಿನಾ ಈ ಪಟ್ಟೆಗಳ ಜೊತೆಗೇ ಬದುಕು. ನೀವು ಪಟ್ಟೆ ಅಂತ ಒಂದೇ ಹೆಸರು ಹೇಳಿದರೂ ಅದರಲ್ಲಿ ಎರಡು ಬೇರೆ ಬೇರೆ ರೋಗ ಇದೆ. ಆಕಾಶದಲ್ಲಿ ಕಾಣುವ ಬಳೆಗಳು ಚಿತ್ರದ ಜೊತೆ ಬರುತ್ತವೆ, ಕ್ಯಾಮೆರಾ ತಿರುಗಿಸಿದರೆ ಅವೂ ತಿರುಗುತ್ತವೆ. ಬೂದು ಬಣ್ಣದಲ್ಲಿ ಕಂಡ ಉದ್ದ ಪಟ್ಟೆಗಳು ಪ್ಯಾನಲಿನವು, ಏನು ತಿರುಗಿಸಿದರೂ ಇದ್ದಲ್ಲೇ ಇರುತ್ತವೆ. ಮೊದಲನೆಯದಕ್ಕೆ ಮಾನಿಟರ್ ಬದಲಿಸಿ ಏನೂ ಪ್ರಯೋಜನವಿಲ್ಲ, ಹೊಸದರಲ್ಲೂ ಅದೇ ಬಳೆ ಕಾಣುತ್ತದೆ.

ಬಳೆಗಳ ವಿಷಯ ಹೇಳುತ್ತೇನೆ. 8 ಬಿಟ್ ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. 10 ಬಿಟ್ ಅಂದರೆ 1024. ಕೇಳಲು 256 ದೊಡ್ಡ ಸಂಖ್ಯೆ, ಆದರೆ ಸಂಜೆ ಆಕಾಶ ಪೂರ್ತಿ ಕಪ್ಪಿನಿಂದ ಪೂರ್ತಿ ಬಿಳುಪಿಗೆ ಹೋಗುವುದಿಲ್ಲ ಅಲ್ವಾ? ಕಡು ನೀಲಿಯಿಂದ ಸ್ವಲ್ಪ ತಿಳಿ ನೀಲಿಗೆ ಬರುವಷ್ಟರಲ್ಲಿ ಸಿಗುವುದು 20, 25 ಹಂತ. ಆ 25 ಹಂತವನ್ನು 2560 ಪಿಕ್ಸೆಲ್ ಅಗಲಕ್ಕೆ ಎಳೆದರೆ ಒಂದೊಂದು ಪಟ್ಟೆಯೂ 100 ಪಿಕ್ಸೆಲ್ ಅಗಲ. ಕಣ್ಣಿಗೆ ಕಂಡೇ ಕಾಣುತ್ತದೆ.

ಹಾಗಿದ್ದರೆ ಹಳೇ ಐಪಿಎಸ್‌ನಲ್ಲಿ ಯಾಕೆ ಕಾಣಲಿಲ್ಲ? ಕಂಡಿರುತ್ತದೆ, ಕತ್ತಲಲ್ಲಿ ಮಾತ್ರ ಮುಚ್ಚಿಹೋಗಿತ್ತು. ಲೆಕ್ಕ ಹಾಕಿ ನೋಡಿ. ಐಪಿಎಸ್‌ನ ಕಾಂಟ್ರಾಸ್ಟ್ ಸುಮಾರು 1000:1. ಬಿಳುಪು 200 ನಿಟ್ಸ್ (ಹೊಳಪಿನ ಅಳತೆ) ಇಟ್ಟಿದ್ದರೆ ಅದರ "ಕಪ್ಪು" 0.2 ನಿಟ್ಸ್, ಹಿಂದಿನ ಲೈಟ್ ಸೋರಿ ಬರುವ ಬೆಳಕು. ಈಗ 256 ಹಂತದಲ್ಲಿ 10ನೇ ಹಂತ ಎಷ್ಟು ಬೆಳಗಬೇಕು? ಗಾಮಾ (ಯಾವ ಹಂತಕ್ಕೆ ಎಷ್ಟು ಹೊಳಪು ಅನ್ನುವ ಲೆಕ್ಕ) 2.2 ಆದರೆ 0.16 ನಿಟ್ಸ್. ಅಂದರೆ ಮೊದಲ ಹತ್ತು ಹಂತ ಆ ಸೋರುವ ಬೆಳಕಿನಲ್ಲೇ ಮುಳುಗಿ ಹೋಗಿದ್ದವು. ಓಲೆಡ್‌ನಲ್ಲಿ ಸೋರುವ ಬೆಳಕೇ ಇಲ್ಲ. 0, 1, 2, 3 ಅಂತ ಒಂದೊಂದು ಮೆಟ್ಟಿಲೂ ಬೆತ್ತಲೆ. ನಿಮ್ಮ ತಮ್ಮನ ಕಣ್ಣು ಚೆನ್ನಾಗಿದೆ ಅಷ್ಟೇ.

ಇದಕ್ಕೆ ಮದ್ದು 10 ಬಿಟ್ ಒಂದೇ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಿಜವಾದ ಮದ್ದು ಡಿದರಿಂಗ್. ರಂಗೋಲಿ ಹಾಕುವಾಗ ತಿಳಿ ಗುಲಾಬಿ ಬೇಕಾದರೆ ಅಂಗಡಿಗೆ ಓಡುವುದಿಲ್ಲ, ಕೆಂಪು ಪುಡಿಗೆ ಬಿಳಿ ಪುಡಿ ಬೆರೆಸಿ ಉದುರಿಸುತ್ತೇವೆ. ದೂರದಿಂದ ಗುಲಾಬಿಯೇ. ಡಿದರಿಂಗ್ ಮಾಡುವುದೂ ಇದನ್ನೇ. 40ನೇ ಹಂತಕ್ಕೂ 41ಕ್ಕೂ ನಡುವಿನ ಬಣ್ಣ ಬೇಕಾದರೆ ಆ ಜಾಗದಲ್ಲಿ ಕೆಲವು ಪಿಕ್ಸೆಲ್‌ಗೆ 40, ಕೆಲವಕ್ಕೆ 41 ಹಂಚುತ್ತದೆ. ಪಟ್ಟೆಯ ಅಂಚು ಕರಗುತ್ತದೆ. 2022ರಲ್ಲಿ ಏಲಿಯನ್‌ವೇರ್ ತಂದ 34 ಇಂಚಿನ ಮೊದಲ ಕ್ಯೂಡಿ-ಓಲೆಡ್ (ಓಲೆಡ್‌ನ ಇನ್ನೊಂದು ಬಗೆ) ಮಾನಿಟರ್ 175 ಹರ್ಟ್ಸಲ್ಲಿ 8 ಬಿಟ್ ಮಾತ್ರ ಕೊಡುತ್ತಿತ್ತು, 10 ಬಿಟ್ ಬೇಕಾದರೆ 144ಕ್ಕೆ ಇಳಿಯಬೇಕಿತ್ತು. ತುಂಬ ಜನ 175ರಲ್ಲೇ ಎಚ್‌ಡಿಆರ್ (ಕಪ್ಪಿನಿಂದ ಬಿಳುಪಿನವರೆಗಿನ ವ್ಯಾಪ್ತಿ ಹೆಚ್ಚಿಸಿದ ಚಿತ್ರ) ಆಡಿದರು, ಡಿದರಿಂಗ್ ಇದ್ದದ್ದರಿಂದ ವ್ಯತ್ಯಾಸ ಹುಡುಕುವುದೇ ಕಷ್ಟ.

ಗೇಮಿನ ಒಳಗೆ ಬಣ್ಣದ ಲೆಕ್ಕ ನಡೆಯುವುದು ತುಂಬ ಸೂಕ್ಷ್ಮವಾಗಿ. ಕೊನೆಗೆ 8 ಬಿಟ್‌ಗೆ ಕತ್ತರಿಸುವಾಗ ಒಂಚೂರು ನಾಯ್ಸ್ ಸೇರಿಸಿದ ಗೇಮಲ್ಲಿ ಬಳೆ ಕಾಣುವುದಿಲ್ಲ, ಸೇರಿಸದ ಗೇಮಲ್ಲಿ ಕಾಣುತ್ತದೆ. ಹಾಗಾಗಿ ಒಂದು ಕೆಲಸ ಮಾಡಿ. ಗೇಮಲ್ಲಿ ಫಿಲ್ಮ್ ಗ್ರೇನ್ ಅಂತ ಆಪ್ಶನ್ ಇದ್ದರೆ, ಎಲ್ಲರೂ ಮೊದಲ ದಿನವೇ ಬೈದುಕೊಂಡು ಆರಿಸುವ ಆಪ್ಶನ್ ಅದು, ಸ್ವಲ್ಪವೇ ಸ್ವಲ್ಪ ಆನ್ ಮಾಡಿ ನೋಡಿ.

ಇನ್ನೊಂದು ಅನುಮಾನ ನನಗಿದೆ. ಯಾರಾದರೂ ಹಾಕಿದ ಐಸಿಸಿ ಪ್ರೊಫೈಲ್ (ಮಾನಿಟರಿನ ಬಣ್ಣ ತಿದ್ದುವ ಫೈಲ್) ಡೌನ್‌ಲೋಡ್ ಮಾಡಿ ಹಾಕಿಕೊಂಡಿದ್ದೀರಾ? ಅದರಲ್ಲಿ ಗಾಮಾ ತಿದ್ದುವ ಟೇಬಲ್ ಇರುತ್ತದೆ. ಇರುವ 256 ಹಂತವನ್ನೇ ಅದು ಒಂದು ಕಡೆ ಹಿಗ್ಗಿಸಿ ಇನ್ನೊಂದು ಕಡೆ ಕುಗ್ಗಿಸುತ್ತದೆ, ಕೆಲವು ಹಂತ ಸತ್ತೇ ಹೋಗುತ್ತವೆ. ಎಎಂಡಿ ಕಾರ್ಡ್‌ಗಳು ತಾವಾಗಿ ಡಿದರಿಂಗ್ ಮಾಡಿ ಇದನ್ನು ಮುಚ್ಚಿಹಾಕುತ್ತವೆ. ವಿಂಡೋಸಲ್ಲಿ ಎನ್ವಿಡಿಯಾ ಸಾಮಾನ್ಯವಾಗಿ ಮಾಡುವುದಿಲ್ಲ. ನೋವಿಡಿಯೋ ಎಸ್‌ಆರ್‌ಜಿಬಿ ಅಂತ ಚಿಕ್ಕ ಉಚಿತ ಟೂಲ್ ಇದೆ, ಅದರಲ್ಲಿ ಡಿದರಿಂಗ್ ಆನ್ ಮಾಡಬಹುದು.

ಸಿನಿಮಾದ ಚೌಕಗಳಿಗೆ ನೀವೂ ನಾನೂ ಏನೂ ಮಾಡುವ ಹಾಗಿಲ್ಲ. ಸ್ಟ್ರೀಮಿಂಗ್ ವಿಡಿಯೋ ಬಹುಪಾಲು 8 ಬಿಟ್, ಅದರಲ್ಲೂ ಕಪ್ಪು 16ರಿಂದ ಶುರುವಾಗಿ ಬಿಳುಪು 235ಕ್ಕೆ ಮುಗಿಯುತ್ತದೆ, ಅಂದರೆ 220 ಹಂತವೇ. ಅದನ್ನೂ ಹಿಂಡಿ ಹಿಂಡಿ ಕಳಿಸುತ್ತಾರೆ. ಕಂಪ್ರೆಶನ್ ಮೊದಲು ಕತ್ತರಿ ಹಾಕುವುದೇ ಕತ್ತಲ ಜಾಗಕ್ಕೆ, ಅಲ್ಲಿ ಯಾರು ನೋಡುತ್ತಾರೆ ಅಂತ. ಫೈಲ್ ನಿಮ್ಮ ಹತ್ತಿರವೇ ಇದ್ದರೆ ಎಂಪಿವಿ ಪ್ಲೇಯರಲ್ಲಿ ಹಾಕಿ, ಕೀಬೋರ್ಡಲ್ಲಿ ಬಿ ಅಕ್ಷರ ಒತ್ತಿದರೆ ಪಟ್ಟೆ ಕರಗಿಸುವ ಡಿಬ್ಯಾಂಡ್ ಆನ್ ಆಗುತ್ತದೆ. ನಮ್ಮ ಮನೆಯಲ್ಲಿ ಹಳೇ ಡಿವಿಡಿ ನೋಡುವುದೂ ಹೀಗೇ.

ಸಾಗರದ_ಗೇಮರ್

ಮಾಮ, ಕೈ ಮುಗಿದೆ. ಐಸಿಸಿ ಪ್ರೊಫೈಲ್ ಹಾಕಿದ್ದೆ, ಹೌದು. "ಇದು ಹಾಕಿದರೆ ಬಣ್ಣ ಸರಿಯಾಗುತ್ತದೆ" ಅಂತ ಒಬ್ಬರು ಬರೆದಿದ್ದರು, ಹಿಂದೆ ಮುಂದೆ ನೋಡದೆ ಹಾಕಿದೆ. ಈಗ ತೆಗೆದೆ. ಚಂದ್ರನ ಸುತ್ತಲಿನ ಬಳೆ ಅರ್ಧಕ್ಕರ್ಧ ಕಡಿಮೆ ಆಯಿತು!

ಹುಬ್ಬಳ್ಳಿಯವರೇ, ನೀವು ಕೇಳಿದ್ದು ನೋಡಿದೆ. ಬೈಯಬೇಡಿ. 143.97 ಹರ್ಟ್ಸ್, 8 ಬಿಟ್ ಅಂತ ಇದೆ. ಹಳೇ ಮಾನಿಟರಿನ ಎಚ್‌ಡಿಎಂಐ ಕೇಬಲನ್ನೇ ಕಿತ್ತು ಇದಕ್ಕೆ ಹಾಕಿದ್ದೆ. ಮೇಜಿನ ಹಿಂದೆ ಕೈ ಹೋಗುವುದಿಲ್ಲ, ಹೊಸ ಕೇಬಲ್ ಡಬ್ಬಿಯಲ್ಲೇ ಇದೆ.

ಹುಬ್ಬಳ್ಳಿ_240

ನನಗೆ ಗೊತ್ತಿತ್ತು! 240 ಹರ್ಟ್ಸ್ ತಗೊಂಡು ಮೂರು ವಾರ 144ರಲ್ಲಿ ಆಡಿದ್ದೀರಿ. ನಾಚಿಕೆ ಬೇಡ, ನಾನು ಮೊದಲ ಸಲ ಎರಡು ತಿಂಗಳು 60ರಲ್ಲೇ ಇದ್ದೆ.

ಹಳೇ ಎಚ್‌ಡಿಎಂಐ 2.0 ಕೇಬಲಲ್ಲಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 14.4 ಗಿಗಾಬಿಟ್. 1440ಪಿ, 144 ಹರ್ಟ್ಸ್, 8 ಬಿಟ್‌ಗೆ ಅದು ಸರಿಯಾಗಿ ತುಂಬಿ ಹೋಗುತ್ತದೆ, ಅದಕ್ಕೇ ಅಲ್ಲಿ ನಿಂತಿದೆ. ಎಚ್‌ಡಿಆರ್ ಆನ್ ಮಾಡಿದರೆ ಅಲ್ಲಿ "8 ಬಿಟ್ ವಿತ್ ಡಿದರಿಂಗ್" ಅಂತಲೋ, ಬಣ್ಣ ಕಡಿಮೆ ಮಾಡಿದ ಸಿಗ್ನಲ್ ಅಂತಲೋ ತೋರಿಸುತ್ತಿತ್ತು. ಇನ್ನು 240 ಹರ್ಟ್ಸ್ 10 ಬಿಟ್ ಲೆಕ್ಕ ನೀವೇ ಹಾಕಿ. 2560 ಗುಣಿಸು 1440, ಗುಣಿಸು 240, ಗುಣಿಸು 30. ಸುಮಾರು 26.5 ಗಿಗಾಬಿಟ್. ಡಿಸ್‌ಪ್ಲೇಪೋರ್ಟ್ 1.4 ಕೊಡುವುದು 25.92. ಕೂದಲೆಳೆಯಷ್ಟು ಕಡಿಮೆ, ಅಲ್ವಾ? ಅದಕ್ಕೇ ಡಿಎಸ್‌ಸಿ ಅನ್ನುವ ಕಂಪ್ರೆಶನ್ ಇದೆ. ನಿಮ್ಮ 3060ಗೂ ಅದು ಬರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಡಬ್ಬಿಯಲ್ಲಿರುವ ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆದು ಹಾಕಿ, ಮೇಜು ಎಳೆಯಿರಿ, ಮೈ ಬಗ್ಗಲಿ ಸ್ವಲ್ಪ. ಹಾಕಿದ ಮೇಲೆ ವಿಂಡೋಸಲ್ಲಿ 240 ಅಂತ ಕೈಯಾರೆ ಆರಿಸಬೇಕು, ತಾನಾಗಿ ಹೋಗುವುದಿಲ್ಲ ಕೆಲವು ಸಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನಲಲ್ಲಿ 10 ಬಿಟ್, ಫುಲ್ ರೇಂಜ್ ಇದೆಯಾ ನೋಡಿ. ಲಿಮಿಟೆಡ್ ಅಂತ ಇದ್ದರೆ ಮಾಮ ಹೇಳಿದ 16ರಿಂದ 235ರ ಗೋಳು ಗೇಮಿಗೂ ಬರುತ್ತದೆ.

ರಾತ್ರಿಪಾಳಿ_ಮಂಗ್ಳೂರು

ಕೇಬಲ್ ಬದಲಿಸಿ ಮಾರಾಯ್ರೆ, ಒಳ್ಳೆಯದೇ. ಆದರೆ ಎಲ್ಡನ್ ರಿಂಗ್‌ನ ಜರ್ಕ್ ಅದರಿಂದ ಹೋಗುವುದಿಲ್ಲ, ಈಗಲೇ ಹೇಳಿ ಇಡುತ್ತೇನೆ, ಆಮೇಲೆ ಬೇಜಾರು ಬೇಡ.

ಆ ಗೇಮ್ ಪಿಸಿಯಲ್ಲಿ 60 ಎಫ್‌ಪಿಎಸ್‌ಗೆ ಕಟ್ಟಿಹಾಕಿದ ಗೇಮ್. ಮಾನಿಟರ್ 240 ಆದರೂ ಒಂದೇ ಚಿತ್ರವನ್ನು ನಾಲ್ಕು ಸಲ ತೋರಿಸುತ್ತದೆ, ಅಷ್ಟೇ. ಒಂದು ಚಿತ್ರ ಪರದೆ ಮೇಲೆ ನಿಲ್ಲುವುದು 16.7 ಮಿಲಿಸೆಕೆಂಡ್, ಹಳೇ ಮಾನಿಟರಲ್ಲೂ ಇದರಲ್ಲೂ. ಕ್ಯಾಮೆರಾ ತಿರುಗಿಸುವಾಗ ಒಂದು ಮರ ಪರದೆಯ ಈ ಕಡೆಯಿಂದ ಆ ಕಡೆಗೆ ಒಂದು ಸೆಕೆಂಡಲ್ಲಿ ಹೋಗುತ್ತದೆ ಅಂತಿಟ್ಟುಕೊಳ್ಳಿ. 60ರಲ್ಲಿ ಅದು ಒಂದೊಂದು ಸಲಕ್ಕೆ 43 ಪಿಕ್ಸೆಲ್ ಹಾರುತ್ತದೆ. 240 ಎಫ್‌ಪಿಎಸ್ ಬಂದಿದ್ದರೆ 11 ಪಿಕ್ಸೆಲ್.

ಆ 43 ಪಿಕ್ಸೆಲ್ ಹಾರುವುದು ಹಳೇ ಐಪಿಎಸ್‌ನಲ್ಲೂ ಇತ್ತು. ಆದರೆ ಅದರ ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಲು ಕೆಲವು ಮಿಲಿಸೆಕೆಂಡ್ ಎಳೆಯುತ್ತದೆ, ಹಳೇ ಚಿತ್ರ ಮಾಸುವುದರೊಳಗೆ ಹೊಸದು ಬಂದು ಕೂರುತ್ತದೆ, ಎರಡೂ ಸ್ವಲ್ಪ ಕಲಸಿಕೊಂಡು ಹಾರಿದ್ದೇ ಗೊತ್ತಾಗುವುದಿಲ್ಲ. ನೀವು ಅದನ್ನು ಸ್ಮೂತ್ ಅಂದುಕೊಂಡಿದ್ದಿರಿ. ಅದು ಮಸುಕು. ಓಲೆಡ್ ಪಿಕ್ಸೆಲ್ ಬದಲಾಗಲು ಕಂಪನಿಗಳು ಹೇಳುವುದು 0.03 ಮಿಲಿಸೆಕೆಂಡ್. ಅಷ್ಟೇ ಇರಲಿ ಬಿಡಲಿ, ನಮ್ಮ ಲೆಕ್ಕಕ್ಕೆ ಸೊನ್ನೆ. ಟಕ್ ಅಂತ ಬರುತ್ತದೆ, ನಿಲ್ಲುತ್ತದೆ, ಟಕ್ ಅಂತ ಹೋಗುತ್ತದೆ. ಯಕ್ಷಗಾನದಲ್ಲಿ ಚೆಂಡೆ ನಿಂತ ಮೇಲೂ ಶ್ರುತಿಪೆಟ್ಟಿಗೆ ಎಳೆಯುತ್ತಾ ಇರುತ್ತದಲ್ಲ, ಆ ಶ್ರುತಿಯನ್ನೇ ತೆಗೆದುಬಿಟ್ಟ ಹಾಗೆ.

ಸಿನಿಮಾಕ್ಕೂ ಇದೇ. ಸೆಕೆಂಡಿಗೆ 24 ಚಿತ್ರ, ಒಂದೊಂದೂ 41.7 ಮಿಲಿಸೆಕೆಂಡ್ ನಿಲ್ಲುತ್ತದೆ, ಕ್ಯಾಮೆರಾ ಅಡ್ಡ ತಿರುಗುವ ದೃಶ್ಯದಲ್ಲಿ ಎಗರುವುದು ಕಾಣುತ್ತದೆ. 240 ಅನ್ನು 24ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ, ಹಾಗಾಗಿ ಕನಿಷ್ಠ ಒಂದೇ ಸಮ ಎಗರುತ್ತದೆ. 60 ಹರ್ಟ್ಸ್ ಮಾನಿಟರಲ್ಲಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಅಂತ ಕುಂಟುತ್ತದೆ, ಅದು ಇನ್ನೂ ಕಿರಿಕಿರಿ.

ಏನು ಮಾಡಬಹುದು ಅಂದರೆ, ಎಲ್ಡನ್ ರಿಂಗ್‌ನ ಸೆಟ್ಟಿಂಗಲ್ಲೇ ಮೋಷನ್ ಬ್ಲರ್ ಇದೆ, ಅದನ್ನು ಆನ್ ಮಾಡಿ. ಗೇಮರ್‌ಗಳಿಗೆ ಈ ಹೆಸರು ಕೇಳಿದರೆ ಮೈ ಉರಿಯುತ್ತದೆ, ನನಗೂ ಉರಿಯುತ್ತಿತ್ತು, ಆದರೆ ಓಲೆಡ್‌ನಲ್ಲಿ 60 ಎಫ್‌ಪಿಎಸ್‌ಗೆ ಅದು ಬೇಕು. ಕಂಟ್ರೋಲರಲ್ಲಿ ಕ್ಯಾಮೆರಾ ವೇಗ ಒಂದೆರಡು ಕಡಿಮೆ ಮಾಡಿ. 60ರ ಬೀಗ ಮುರಿಯುವ ಮಾಡ್ ಇದೆ, ಆದರೆ ಆ್ಯಂಟಿ-ಚೀಟ್ ಆರಿಸಿ ಆಫ್‌ಲೈನ್ ಆಡಬೇಕು, ಮರೆತು ಆನ್‌ಲೈನ್ ಹೋದರೆ ಬ್ಯಾನ್ ಭಯ. ಸ್ಟೀಮಲ್ಲಿ ಲಾಸ್‌ಲೆಸ್ ಸ್ಕೇಲಿಂಗ್ ಅಂತ ಸಿಗುತ್ತದೆ, ಅದು ನಡುವೆ ಚಿತ್ರ ಹುಟ್ಟಿಸಿ 60ನ್ನು 120 ಮಾಡುತ್ತದೆ. ಕೈಗೆ ಸ್ವಲ್ಪ ಭಾರ ಅನಿಸುತ್ತದೆ, ಬಟನ್ ಒತ್ತಿದ್ದಕ್ಕೂ ಹೊಡೆತ ಬೀಳುವುದಕ್ಕೂ ನಡುವೆ ಒಂದು ಕ್ಷಣ. ರೋಲ್ ಮಾಡಿ ತಪ್ಪಿಸಿಕೊಳ್ಳುವ ಗೇಮಲ್ಲಿ ನನಗೆ ಅದು ಇಷ್ಟವಾಗಲಿಲ್ಲ. ಬೇರೆ ಹೊಸ ಗೇಮಲ್ಲಿ 2023ರಲ್ಲಿ ಎಎಂಡಿ ತಂದ ಎಫ್‌ಎಸ್‌ಆರ್ 3ರ ಫ್ರೇಮ್ ಜನರೇಶನ್ (ಇದೂ ನಡುವೆ ಚಿತ್ರ ಹುಟ್ಟಿಸುವುದೇ) ನಿಮ್ಮ 3060ಲ್ಲೂ ನಡೆಯುತ್ತದೆ. ಎನ್ವಿಡಿಯಾದ್ದೇ ಆದದ್ದು 40 ಸೀರೀಸಿನಿಂದ ಮೇಲೆ ಮಾತ್ರ.

ಗ್ರಾಫಿಕ್ಸ್ ಅಲ್ಟ್ರಾದಲ್ಲೇ ಇರಬೇಕು ಅನ್ನುವ ಹಟ ಬಿಡಿ. ಐಪಿಎಸ್‌ನಲ್ಲಿ 60 ಸಾಕಿತ್ತು, ಇಲ್ಲಿ 90, 100 ಬಂದರೇ ಸಮಾಧಾನ.

ಕಪ್ಪುಬಿಳುಪು

ಅಂದರೆ ಜಾಸ್ತಿ ದುಡ್ಡು ಕೊಟ್ಟು ಒಳ್ಳೇ ಮಾನಿಟರ್ ತಗೊಂಡು, ಆಮೇಲೆ ಅದಕ್ಕೆ ಗ್ರೇನ್ ಹಾಕಿ, ಬ್ಲರ್ ಹಾಕಿ, ಹಳೇ ಮಾನಿಟರ್ ಥರ ಮಾಡಿಕೊಳ್ಳಬೇಕು. ಭಲೇ.

ರಾತ್ರಿಪಾಳಿ_ಮಂಗ್ಳೂರು

ಹೌದು ಮಾರಾಯ. ವ್ಯಾಲರಂಟಲ್ಲಿ 240 ಎಫ್‌ಪಿಎಸ್ ಬಿಟ್ಟು ಒಂದು ರೌಂಡ್ ಆಡಿ ಬಾ, ಆಮೇಲೆ ಮಾತಾಡುವ.

ಕೊಪ್ಪದ_ಕಾಫಿ

ಉದ್ದ ಪಟ್ಟೆಗಳ ವಿಷಯ ಯಾರೂ ಮುಟ್ಟಲಿಲ್ಲವಲ್ಲ. ಸಾಗರದವರೇ, ಒಂದು ಪ್ರಶ್ನೆ, ನಗಬೇಡಿ. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ಆರಿಸುತ್ತೀರಾ?

ಸಾಗರದ_ಗೇಮರ್

ನಾನಲ್ಲ, ಅಮ್ಮ ಆರಿಸುತ್ತಾರೆ. ಮನೆಯಲ್ಲಿ ಒಂದು ಕೆಂಪು ದೀಪ ಉರಿಯುತ್ತಿದ್ದರೂ ಅವರಿಗೆ ನಿದ್ದೆ ಬರುವುದಿಲ್ಲ. ಯಾಕೆ?

ಕೊಪ್ಪದ_ಕಾಫಿ

ಅಂದುಕೊಂಡೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಟಿವಿಯಲ್ಲಿ.

ಓಲೆಡ್‌ನಲ್ಲಿ ಒಂದೊಂದು ಪಿಕ್ಸೆಲ್ ಹಿಂದೆಯೂ ಅದಕ್ಕೆ ಕರೆಂಟ್ ಬಿಡುವ ಪುಟ್ಟ ಟ್ರಾನ್ಸಿಸ್ಟರ್ ಇರುತ್ತದೆ. ಎಲ್ಲವೂ ಒಂದೇ ಥರ ಇರುವುದಿಲ್ಲ, ಬಳಸುತ್ತಾ ಬಿಸಿಯಾಗುತ್ತಾ ಇನ್ನೂ ವ್ಯತ್ಯಾಸ ಆಗುತ್ತದೆ. ಬೆಳಕು ಜಾಸ್ತಿ ಇರುವಾಗ ಗೊತ್ತಾಗುವುದಿಲ್ಲ. ಕಪ್ಪಿಗೆ ತೀರಾ ಹತ್ತಿರ, ಆ 5 ಪರ್ಸೆಂಟ್ ಬೂದು ಬಣ್ಣದಲ್ಲಿ, ಚೂರು ಹೆಚ್ಚು ಕಡಿಮೆಯಾದರೂ ಪಟ್ಟೆಯಾಗಿ ಕಾಣುತ್ತದೆ. ಇದನ್ನು ಸರಿಮಾಡಲು ಮಾನಿಟರ್ ತಾನೇ ಪ್ರತಿ ಪಿಕ್ಸೆಲನ್ನೂ ಅಳೆದು ತಿದ್ದುತ್ತದೆ. ಪಿಕ್ಸೆಲ್ ಕ್ಲೀನಿಂಗ್, ಪಿಕ್ಸೆಲ್ ರಿಫ್ರೆಶ್ ಅಂತ ಕಂಪನಿಗೊಂದು ಹೆಸರು. ಒಟ್ಟು ಸುಮಾರು 4 ಗಂಟೆ ಬಳಸಿದ ಮೇಲೆ ನೀವು ಮಾನಿಟರ್ ಆಫ್ ಮಾಡಿದಾಗ, ಪರದೆ ಕಪ್ಪಾಗಿದ್ದಾಗ, ಸದ್ದಿಲ್ಲದೆ ಕೆಲವು ನಿಮಿಷ ಈ ಕೆಲಸ ನಡೆಯುತ್ತದೆ. ಅದಕ್ಕೆ ಗೋಡೆಯಿಂದ ಕರೆಂಟ್ ಬರುತ್ತಿರಬೇಕು. ಬಟನ್ನಲ್ಲಿ ಆಫ್ ಮಾಡಿದ ತಕ್ಷಣ ಸ್ವಿಚ್ಚೂ ಆರಿಸಿದರೆ ಕೆಲಸ ಅರ್ಧಕ್ಕೇ ನಿಂತಿತು. ಮೂರು ವಾರ ಒಂದು ದಿನವೂ ನಡೆದಿಲ್ಲ ಅಂದರೆ ಪಟ್ಟೆ ಇರದೆ ಏನು?

ಮಾನಿಟರನ್ನು ಬಟನ್ನಲ್ಲಿ ಆಫ್ ಮಾಡಿ ರಾತ್ರಿಯಿಡೀ ಸ್ವಿಚ್ ಆನ್ ಬಿಡಿ. ಒಂದು ವಾರ ನೋಡಿ. ಮೆನುವಿನಲ್ಲಿ ಕೈಯಾರೆ ಓಡಿಸುವ ಆಪ್ಶನ್ನೂ ಇರುತ್ತದೆ. ಪಟ್ಟೆ ಹೋಗಲಿಲ್ಲ ಅಂತ ದಿನಕ್ಕೆ ಹತ್ತು ಸಲ ಓಡಿಸಬೇಡಿ, ಅದು ತೇಯ್ದು ತೊಳೆಯುವ ಪಾತ್ರೆ ಅಲ್ಲ. ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಡಬ್ಲ್ಯೂ-ಓಲೆಡ್‌ನಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ.

ಫೋನಿನ ಫೋಟೋ ನಂಬಬೇಡಿ. ಕತ್ತಲು ಅಂತ ಫೋನು ಬೆಳಕು ಏರಿಸಿ ಏರಿಸಿ ತೆಗೆಯುತ್ತದೆ, ಇಲ್ಲದ ಪಟ್ಟೆಯನ್ನೂ ಎಳೆದು ತರುತ್ತದೆ. ಗೇಮ್ ಆಡುವಾಗ ಬರಿಗಣ್ಣಿಗೆ ಕಾಣುತ್ತದಾ, ಅದಷ್ಟೇ ಲೆಕ್ಕ. ಒಂದು ವಾರ ಆದ ಮೇಲೂ ಆಡುವಾಗ ಕಂಡರೆ ಕಪ್ಪುಬಿಳುಪು ಹೇಳಿದ ಹಾಗೆ ಬದಲಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಹೊಸದರಲ್ಲಿ ಇದಕ್ಕಿಂತ ಜಾಸ್ತಿ ಪಟ್ಟೆ ಇರಬಹುದು, ಅದು ಲಾಟರಿ.

ಸಾಗರದ_ಗೇಮರ್

ಒಂಬತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ಸ್ವಿಚ್ ಬೋರ್ಡ್ ಮೇಲೆ "ಅಮ್ಮಾ ಇದನ್ನು ಆರಿಸಬೇಡ" ಅಂತ ಚೀಟಿ ಅಂಟಿಸಿದೆ. ಎರಡು ದಿನ ಜಗಳ ಆಯಿತು. ಮಾನಿಟರಿನ ಕೆಂಪು ದೀಪಕ್ಕೆ ಇನ್ಸುಲೇಶನ್ ಟೇಪ್ ಹಚ್ಚಿದ ಮೇಲೆ ಒಪ್ಪಿದರು. 5 ಪರ್ಸೆಂಟ್ ಬೂದು ಬಣ್ಣದಲ್ಲಿ ಈಗ ಎಡಗಡೆ ಎರಡು ಪಟ್ಟೆ ಉಳಿದಿವೆ, ಮೊದಲು ಲೆಕ್ಕ ಸಿಗುತ್ತಿರಲಿಲ್ಲ. ಆಡುವಾಗ ಒಂದೇ ಒಂದು ಗುಹೆಯಲ್ಲಿ ಕಂಡಿತು, ಅದೂ ಹುಡುಕಿದ್ದಕ್ಕೆ. ಇಟ್ಟುಕೊಳ್ಳುತ್ತೇನೆ.

ಡಿಸ್‌ಪ್ಲೇಪೋರ್ಟ್ ಹಾಕಿದೆ, 240 ಹರ್ಟ್ಸ್ 10 ಬಿಟ್ ಬಂತು. ಮೌಸ್ ಅಲ್ಲಾಡಿಸಿದರೇ ಖುಷಿಯಾಗುತ್ತದೆ. ಎಲ್ಡನ್ ರಿಂಗ್‌ಗೆ ಮೋಷನ್ ಬ್ಲರ್ ಮೀಡಿಯಮ್ ಇಟ್ಟೆ, ಕ್ಯಾಮೆರಾ ವೇಗ ಇಳಿಸಿದೆ. ಜರ್ಕ್ ಇದೆ, ಆದರೆ ಮುಂಚಿನಷ್ಟು ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ಒಂದು ಹೊಸ ತಲೆನೋವು: ಬೇರೆ ಗೇಮಲ್ಲಿ ಲೋಡಿಂಗ್ ಸ್ಕ್ರೀನ್ ಬಂದಾಗ ಪರದೆ ಮಿಣುಕು ಮಿಣುಕು ಅನ್ನುತ್ತದೆ. ಕೇಬಲ್ ಹಾಳಾ?

ಹುಬ್ಬಳ್ಳಿ_240

ಕೇಬಲ್ ಅಲ್ಲ, ವಿಆರ್‌ಆರ್, ಅಂದರೆ ಬದಲಾಗುತ್ತಾ ಹೋಗುವ ರಿಫ್ರೆಶ್ ರೇಟ್. ಎನ್ವಿಡಿಯಾದಲ್ಲಿ ಅದರ ಹೆಸರು ಜಿ-ಸಿಂಕ್. ಅದು ಆನ್ ಇದ್ದಾಗ ಮಾನಿಟರ್ ಗೇಮಿನ ಎಫ್‌ಪಿಎಸ್ ಹಿಂದೆ ಓಡುತ್ತದೆ. ಓಲೆಡ್‌ನ ಕತ್ತಲ ಬಣ್ಣಗಳನ್ನು ಗಟ್ಟಿ ಒಂದು ಹರ್ಟ್ಸ್‌ಗೆ ಹೊಂದಿಸಿರುತ್ತಾರೆ. ಲೋಡಿಂಗಲ್ಲಿ ಎಫ್‌ಪಿಎಸ್ 200ಕ್ಕೆ ಹೋಗಿ 30ಕ್ಕೆ ಬಿದ್ದು ಮತ್ತೆ ಏರಿದರೆ ಆ ಬೂದು ಬಣ್ಣದ ಹೊಳಪೂ ಏರಿಳಿಯುತ್ತದೆ, ಅದೇ ಮಿಣುಕು. ಪ್ಯಾನಲ್ ಹಾಳಾಗುವುದಿಲ್ಲ. ಆಡುವಾಗ ಎಫ್‌ಪಿಎಸ್ ಜಾಸ್ತಿ ಕುಣಿಯದ ಹಾಗೆ ಒಂದು ಮಿತಿ ಹಾಕಿ. ನಿಮ್ಮ ಕಾರ್ಡ್ 80ರಿಂದ 110ರ ನಡುವೆ ಓಲಾಡಿದರೆ 80ಕ್ಕೆ ಕಟ್ಟಿ. ಲೋಡಿಂಗ್ ಸ್ಕ್ರೀನಿನ ಮಿಣುಕಿಗೆ ನಾನು ಕಣ್ಣು ಮುಚ್ಚಿಕೊಂಡು ನೀರು ಕುಡಿಯಲು ಎದ್ದು ಹೋಗುತ್ತೇನೆ. ತಡೆಯಲಾಗದಿದ್ದರೆ ಆ ಒಂದು ಗೇಮಿಗೆ ಮಾತ್ರ ಜಿ-ಸಿಂಕ್ ಆರಿಸಿ.

ಸಾಗರದ_ಗೇಮರ್

ಸರಿ, ಮಿತಿ ಹಾಕುತ್ತೇನೆ. ಕೊಪ್ಪದವರೇ, ನಿಮಗೆ ಕೊನೆಯ ಪ್ರಶ್ನೆ. ನಿಮಗೂ ಗೊತ್ತಲ್ಲ, ನಮ್ಮ ಕಡೆ ಗುಡುಗು ಶುರುವಾದರೆ ಪ್ಲಗ್ ಕಿತ್ತು ಹೊರಗೆ ಇಡಲೇಬೇಕು. ಹೋದ ವರ್ಷ ಪಕ್ಕದ ಮನೆಯ ಟಿವಿ ಸುಟ್ಟಿತು. ಮಳೆಗಾಲ ಪೂರ್ತಿ ರಾತ್ರಿ ಆನ್ ಬಿಡಲು ಧೈರ್ಯ ಬರುವುದಿಲ್ಲ. ಆಗ ಏನು ಮಾಡುತ್ತೀರಿ?

ಕೊಪ್ಪದ_ಕಾಫಿ

ಕಿತ್ತೇ ಇಡಿ, ಪಟ್ಟೆಗಿಂತ ಮಾನಿಟರ್ ಮುಖ್ಯ. ರಾತ್ರಿಯೇ ಆಗಬೇಕು ಅಂತ ಅದಕ್ಕೇನೂ ಹಟ ಇಲ್ಲ. ಆಡಿ ಮುಗಿದ ಮೇಲೆ ಮೆನುವಿನಿಂದ ಕ್ಲೀನಿಂಗ್ ಕೈಯಾರೆ ಓಡಿಸಿ, ಊಟ ಮಾಡಿ ಬನ್ನಿ, ಅಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಪ್ಲಗ್ ಕೀಳಿ. ಮಧ್ಯದಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಲೈನಲ್ಲಿ ಮಾನಿಟರ್ ಇದೆಯಾ ನೋಡಿಕೊಳ್ಳಿ. ನಮ್ಮಲ್ಲಿ ಫ್ಯಾನಿಗೂ ಫ್ರಿಜ್ಜಿಗೂ ಇತ್ತು, ಮಾನಿಟರಿಗೆ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಒಂದು ಪಾಯಿಂಟ್ ಎಳೆಸಿದೆ.

ಸಾಗರದ_ಗೇಮರ್

ಅಮ್ಮನಿಗೆ ಓದಿ ಹೇಳಿದೆ. ಚೀಟಿ ಕಿತ್ತು ಹೊಸದು ಅಂಟಿಸಿದ್ದಾರೆ, ಅವರದೇ ಅಕ್ಷರದಲ್ಲಿ: "ಊಟ ಆದ ಮೇಲೆ ಆರಿಸುವುದು."